ರೆಮಿಂಗ್ಟನ್ 513ಟಿ: ಆರು ವರ್ಷ ಬಳಸಿದ ಮೇಲೆ

ನನ್ನ ಹತ್ತಿರ ಹಳೆಯ .22 ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಲ್ಲಿ ಎಳೆದು ತಳ್ಳುವ) ರೈಫಲ್‌ಗಳು ಏಳು ಇವೆ. ರೇಂಜಿಗೆ ಹೊರಡುವಾಗ ಕೈ ಮೊದಲು ಹೋಗುವುದು ಈ 513ಟಿ ಕಡೆಗೆ.

ಈ ಮಾಡೆಲ್ 1940ರಿಂದ 1968ರವರೆಗೆ ತಯಾರಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಇದನ್ನು ತರಬೇತಿಗೂ ಬಳಸಿತ್ತು. ಬ್ಯಾರೆಲ್ 27 ಇಂಚು. ತೂಕ ಸುಮಾರು 4 ಕಿಲೋ. ಬ್ಯಾರೆಲ್ ಮೇಲೆ ಒಂದು ಪುಟ್ಟ ಅಕ್ಷರ ಇರುತ್ತದೆ, ಹುಡುಕಿ ನೋಡಿ. ರೈಫಲ್ ಯಾವ ತಿಂಗಳಲ್ಲಿ ತಯಾರಾಯಿತು ಎಂದು ಅದು ಹೇಳುತ್ತದೆ. 'ಬ್ಲ್ಯಾಕ್‌ಪೌಡರ್‌ಎಕ್ಸ್' ಎಂಬ ಪದವೇ ಇದರ ಸೂತ್ರ; ಇಂಗ್ಲಿಷಿನಲ್ಲಿ (BLACKPOWDERX) ಬರೆದರೆ ಸರಿಯಾಗಿ ಹನ್ನೆರಡು ಅಕ್ಷರ. ಜನವರಿಗೆ ಮೊದಲನೆಯದು, ಡಿಸೆಂಬರಿಗೆ ಕೊನೆಯದು. ನನ್ನದರ ಮೇಲೆ 'ಡಬ್ಲ್ಯು' ಇದೆ, ಅಂದರೆ ಆಗಸ್ಟ್. ಅದನ್ನು ಓದಿದ ದಿನ ಆದ ಖುಷಿ ಇನ್ನೂ ನೆನಪಿದೆ.

ಮೊದಲ ವರ್ಷ ಮಾತ್ರ ಬೇಸರವೇ ಆಯಿತು. 50 ಗಜದಲ್ಲಿ, ಮರಳು ಚೀಲದ ಮೇಲಿಟ್ಟು ಹೊಡೆದರೂ ಐದು ಗುಂಡು ಎರಡು ಇಂಚಿನೊಳಗೆ ಬೀಳುತ್ತಿರಲಿಲ್ಲ. ಬ್ಯಾರೆಲ್ ಸವೆದಿದೆ ಅಂದುಕೊಂಡೆ. ಆಮೇಲೆ ಸ್ಟಾಕ್ (ರೈಫಲ್‌ನ ಮರದ ಭಾಗ) ಬಿಚ್ಚಿದಾಗ ಗೊತ್ತಾಯಿತು, ಮುಂದಿನ ಸ್ಕ್ರೂ ಸಡಿಲವಾಗಿತ್ತು. ಚೇಂಬರ್ (ತೋಟಾ ಕೂರುವ ಜಾಗ) ಬಾಯಲ್ಲಿ ಹಳೆಯ ಮೇಣ, ಸೀಸ ಗಟ್ಟಿಯಾಗಿ ಕೂತಿತ್ತು. ಸ್ವಚ್ಛ ಮಾಡಿ, ಟಾರ್ಕ್ ಡ್ರೈವರ್‌ನಲ್ಲಿ ಸ್ಕ್ರೂಗಳನ್ನು ಪ್ರತಿ ಸಲ ಒಂದೇ ಅಳತೆಗೆ ಬಿಗಿ ಮಾಡಲು ಶುರು ಮಾಡಿದೆ. ಗುಂಪು, ಅಂದರೆ ಗುಂಡುಗಳು ಬಿದ್ದ ಜಾಗದ ಅಗಲ, ಒಂದು ಇಂಚಿಗೆ ಇಳಿಯಿತು. ರೈಫಲ್ ಮೇಲೆ ಸುಮ್ನೆ ಅನುಮಾನ ಪಟ್ಟೆ, ಅಲ್ವಾ?

ಮುಂದಿನ ಪಾಠ ತೋಟಾದ್ದು. ಹೈ ವೆಲಾಸಿಟಿ ಗುಂಡು ಸೆಕೆಂಡಿಗೆ ಸುಮಾರು 1,250 ಅಡಿ ವೇಗದಲ್ಲಿ ಹೊರಡುತ್ತದೆ. ದಾರಿಯಲ್ಲೇ ಅದರ ವೇಗ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಗುಂಡು ಅಲುಗಾಡುವ ಸಾಧ್ಯತೆ ಜಾಸ್ತಿ. 1,070 ಅಡಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಮೊದಲಿನಿಂದಲೇ ಶಬ್ದಕ್ಕಿಂತ ನಿಧಾನ, ಹಾಗಾಗಿ ಈ ತೊಂದರೆ ಇಲ್ಲ. ಒಟ್ಟು ಒಂಬತ್ತು ಬಗೆಯ ತೋಟಾ ಪರೀಕ್ಷಿಸಿದೆ. ಒಂದು ಬಗೆ ಮಾತ್ರ ಮುಕ್ಕಾಲು ಇಂಚಿನ ಗುಂಪನ್ನು ಮತ್ತೆ ಮತ್ತೆ ಕೊಡುತ್ತಿದೆ. ಅದರಲ್ಲೂ ಲಾಟ್ (ಒಂದೇ ಸಲ ತಯಾರಾದ ಕಂತು) ಬದಲಾದರೆ ಗುಂಪು ಬದಲಾಗುತ್ತದೆ. ಇನ್ನೊಂದು ವಿಷಯ: ಬ್ರ್ಯಾಂಡ್ ಬದಲಿಸಿದ ತಕ್ಷಣ ಗುಂಪು ಅಳೆಯಬೇಡಿ. ಹಿಂದಿನ ತೋಟಾದ ಮೇಣ ಬ್ಯಾರೆಲ್ ಒಳಗೆ ಇನ್ನೂ ಇರುತ್ತದೆ. ಮೊದಲ ಹದಿನೈದು ಇಪ್ಪತ್ತು ಗುಂಡನ್ನು ಲೆಕ್ಕಕ್ಕೆ ತಗೊಳ್ಳದೆ ಹೊಡೆಯಿರಿ.

ಮ್ಯಾಗಜೀನ್ ಬಗ್ಗೆ ಹೇಳಲೇಬೇಕು. ಮೂಲ ಮ್ಯಾಗಜೀನ್ ಆರು ಗುಂಡಿನದು, ಇವತ್ತಿಗೂ ಸಲೀಸಾಗಿ ನಡೆಯುತ್ತದೆ. ಜೊತೆಗಿರಲಿ ಎಂದು ಯಾರೋ ಹೊಸದಾಗಿ ಮಾಡಿದ ಒಂದನ್ನು ಕೊಂಡೆ. ಅದರ ತುಟಿಗಳು (ಗುಂಡನ್ನು ಹಿಡಿದಿಡುವ ಮೇಲಂಚುಗಳು) ಸರಿಯಿಲ್ಲ, ಪ್ರತಿ ಮೂರನೇ ಗುಂಡು ಸಿಕ್ಕಿಹಾಕಿಕೊಳ್ಳುತ್ತಿತ್ತು. ಈಗ ಪರೀಕ್ಷೆ ಮಾಡುವಾಗ ಒಂದೊಂದೇ ಗುಂಡು ಕೈಯಲ್ಲಿ ಹಾಕುತ್ತೇನೆ.

ಈ ರೈಫಲ್‌ನ ಪೀಪ್ ಸೈಟ್ (ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯುವ ಸಾಧನ) ನನಗೆ ತುಂಬಾ ಇಷ್ಟ. ಕಣ್ಣು ತಾನಾಗಿಯೇ ವೃತ್ತದ ನಡುವನ್ನು ಹುಡುಕುತ್ತದೆ. ದುರ್ಬೀನು ಹಾಕುವ ಆಸೆ ಒಮ್ಮೆಯೂ ಬರಲಿಲ್ಲ. ಮಲಗಿ ಹೊಡೆಯುವವರಿಗೆ ಇದರ ತೂಕವೇ ವರ. ನಿಂತು ಹೊಡೆಯುವವರಿಗೆ ಅರ್ಧ ಗಂಟೆಯಲ್ಲೇ ತೋಳು ಸೋಲುತ್ತದೆ.

ಕೊಳ್ಳುವವರು ಬೋಲ್ಟ್ ತೆಗೆದು ಚೇಂಬರ್ ಅಂಚು ನೋಡಿ. ಖಾಲಿ ರೈಫಲ್‌ನ ಟ್ರಿಗರ್ ಒತ್ತಿ ಒತ್ತಿ ಆಡಿದ್ದರೆ, ಫೈರಿಂಗ್ ಪಿನ್ ಆ ಅಂಚಿಗೆ ಬಡಿದು ಗುಳಿ ಬಿದ್ದಿರುತ್ತದೆ. ರಿಮ್‌ಫೈರ್ ತೋಟಾದಲ್ಲಿ ಪಿನ್ ಹೊಡೆಯುವುದು ಅಂಚಿಗೇ, ಅದಕ್ಕೇ ಹೀಗಾಗುವುದು. ಮರಕ್ಕೆ ಹೊಸ ಪಾಲಿಶ್ ಮಾತ್ರ ಹಾಕಿಸಬೇಡಿ. ನನ್ನದರ ಸ್ಟಾಕ್ ಮೇಲೆ ಹಿಂದಿನವರ ಕೆನ್ನೆ ತಾಗಿ ತಾಗಿ ಒಂದು ಕಡೆ ಕಪ್ಪಾಗಿದೆ. ನಾನು ಗುರಿ ಹಿಡಿದಾಗ ನನ್ನ ಕೆನ್ನೆ ಕೂರುವುದೂ ಅಲ್ಲೇ.