ಖಡಿ ಮಷೀನಿಗೆ ಯಾವ ಜಾ ಪ್ಲೇಟ್: 14, 18, ಇಲ್ಲಾ ವೆಲ್ಡಿಂಗ್?

ಗದಗ ಕಡೆಯ ನಮ್ಮ ಕ್ರಷರಿನಲ್ಲಿ ಡೀಸೆಲ್, ಕರೆಂಟ್ ಬಿಟ್ಟರೆ ಹೆಚ್ಚು ದುಡ್ಡು ತಿನ್ನುವುದು ಜಾ ಪ್ಲೇಟು, ಅಂದರೆ ಕಲ್ಲು ಅಗಿಯುವ ದವಡೆಗೆ ಹಾಕುವ ಹಲ್ಲಿನ ಉಕ್ಕಿನ ತಟ್ಟೆ. ಇದಕ್ಕೆ ನಾವು ಮೂರು ದಾರಿ ನೋಡಿದ್ದೇವೆ. ಒಂದು, ಸಾದಾ ಮ್ಯಾಂಗನೀಸ್ 14ರ ಪ್ಲೇಟ್, ಅಂದರೆ ಉಕ್ಕಿನಲ್ಲಿ ಸುಮಾರು ನೂರಕ್ಕೆ 14 ಮ್ಯಾಂಗನೀಸ್. ಇನ್ನೊಂದು, ಸ್ವಲ್ಪ ಕ್ರೋಮಿಯಂ ಸೇರಿಸಿದ ದುಬಾರಿ 18ರದ್ದು. ಮೂರನೆಯದು, ಸವೆದ ಪ್ಲೇಟಿಗೇ ವೆಲ್ಡಿಂಗ್ ಭರ್ತಿ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಅಲುಗದ ದವಡೆಯ (ಫಿಕ್ಸ್ ಜಾ) ಪ್ಲೇಟಿಗೆ 18, ಆಡುವ ದವಡೆಯ (ಮೂವಿಂಗ್ ಜಾ) ಪ್ಲೇಟಿಗೆ 14.

ಮ್ಯಾಂಗನೀಸ್ ಉಕ್ಕಿನ ಗುಣವೇ ಬೇರೆ. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದದ್ದು ಇದು. ಹೊಸದರಲ್ಲಿ ಮೆತ್ತಗೆ, ಗಟ್ಟಿತನದ ಅಳತೆಯಲ್ಲಿ ಸುಮಾರು 200 ಬ್ರಿನೆಲ್ ಅಷ್ಟೇ. ಕಲ್ಲಿನ ಪೆಟ್ಟು ಬಿದ್ದಂತೆ ಮೇಲ್ಮೈ 500ರ ಹತ್ತಿರ ಗಟ್ಟಿಯಾಗುತ್ತದೆ. ಅಂದರೆ ಪೆಟ್ಟು ಬೀಳಬೇಕು. ಮಣ್ಣು, ಪುಡಿ ಜಾಸ್ತಿ ಇರುವ ಮಾಲು ಸುಮ್ನೆ ಉಜ್ಜುತ್ತದೆ, ಗಟ್ಟಿ ಮಾಡುವುದಿಲ್ಲ. ಅಂಥ ಮಾಲಿಗೆ 18 ಹಾಕಿದರೂ ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ. ಮೊದಲು ಮಣ್ಣು ಜರಡಿ ಹಿಡಿಯಿರಿ, ಆಮೇಲೆ ಪ್ಲೇಟಿನ ಮಾತು.

ಗದಗ ಸುತ್ತಿನ ಕಪ್ಪು ಗಟ್ಟಿ ಕಲ್ಲಿಗೆ 14 ಚೆನ್ನಾಗಿಯೇ ಬಾಳಿಕೆ ಬರುತ್ತದೆ. ಹಾವೇರಿ ಕಡೆ ಕೆಲಸ ಮಾಡುವಾಗ ಗ್ರಾನೈಟ್ ಒಡೆಯುತ್ತಿದ್ದೆವು. ಅದರಲ್ಲಿ ಗಾಜಿನಂತೆ ಹೊಳೆಯುವ ಕ್ವಾರ್ಟ್ಜ್ ಕಣ ಇರುತ್ತದೆ, ಪ್ಲೇಟನ್ನು ತಿಂದೇ ಹಾಕುತ್ತದೆ. ಅಲ್ಲಿ 18ರ ಬೆಲೆ ಬಾಳಿಕೆಯಲ್ಲೇ ಹುಟ್ಟಿತು. ಕಿಲೋ ರೇಟು ನೋಡಬೇಡಿ. ಒಂದು ಜೋಡಿ ಎಷ್ಟು ಬ್ರಾಸ್ (100 ಘನ ಅಡಿ) ಖಡಿ ಕೊಟ್ಟಿತು ಎಂದು ಬರೆದಿಡಿ, ಆಗ ನಿಜವಾದ ಲೆಕ್ಕ ಸಿಗುತ್ತದೆ.

ಎರಡಕ್ಕೂ 18 ಯಾಕೆ ಬೇಡ ಅಂದರೆ, ನಮ್ಮ ಮಷೀನಿನಲ್ಲಿ ಫಿಕ್ಸ್ ಜಾ ಮೊದಲು ಸವೆಯುತ್ತದೆ. ಅದಕ್ಕೆ ಮಾತ್ರ 18 ಹಾಕಿ, ಎರಡೂ ಒಟ್ಟಿಗೆ ಬದಲಿಸುವ ಹೊತ್ತಿಗೆ ಬಂದರೆ ಒಂದೇ ಸಲ ಮಷೀನ್ ನಿಲ್ಲಿಸಿದರಾಯಿತು. ನಿಲ್ಲಿಸಿದ ದಿನದ ನಷ್ಟ ಪ್ಲೇಟಿನ ಬೆಲೆಗಿಂತ ದೊಡ್ಡದು, ಅಲ್ವಾ?

ಕೊಳ್ಳುವಾಗ ಮ್ಯಾಗ್ನೆಟ್ ಜೇಬಿನಲ್ಲಿರಲಿ. ಸರಿಯಾಗಿ ಕಾಯಿಸಿ ನೀರಿಗೆ ಹಾಕಿದ ಮ್ಯಾಂಗನೀಸ್ ಉಕ್ಕಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಮೇಲಿನ ತೆಳು ಪದರ ಸ್ವಲ್ಪ ಎಳೆಯಬಹುದು. ಅದಕ್ಕೇ ಅಂಚಿನಲ್ಲಿ ಗ್ರೈಂಡರ್ ಆಡಿಸಿ, ಆರಿದ ಮೇಲೆ ಅಲ್ಲೇ ಹಿಡಿದು ನೋಡಿ. ಅಗ್ಗಕ್ಕೆ ತಂದ ಒಂದು ಜೋಡಿ ಬೋಲ್ಟ್ ತೂತಿನ ಹತ್ತಿರವೇ ಬಿರುಕು ಬಿಟ್ಟಿತು. ಮುರಿದ ಮುಖದಲ್ಲಿ ಸಕ್ಕರೆಯಂತೆ ದಪ್ಪ ಹರಳು ಕಾಣುತ್ತಿತ್ತು. 14 ಎಂದು ಬರೆದ ಮಾತ್ರಕ್ಕೆ ಒಳ್ಳೆಯ ಪ್ಲೇಟ್ ಆಗುವುದಿಲ್ಲ.

ವೆಲ್ಡಿಂಗ್ ಭರ್ತಿ ನನಗೆ ಹಿಡಿಸಲಿಲ್ಲ. ಸಾದಾ ರಾಡ್ ಹಾಕಿದರೆ ಹಲ್ಲು ಸೀಳಿ ಬೀಳುತ್ತದೆ, ಮ್ಯಾಂಗನೀಸ್ ರಾಡೇ ಬೇಕು. ಪ್ಲೇಟ್ 260 ಡಿಗ್ರಿ ಮೇಲೆ ಕಾದು ಹಾಗೇ ಇದ್ದರೆ ಪೆಡಸಾಗುತ್ತದೆ. ಅದಕ್ಕೇ ಚಿಕ್ಕ ಚಿಕ್ಕ ಬೀಡ್ (ವೆಲ್ಡಿಂಗ್ ಗೆರೆ) ಹಾಕಿ ಆರಲು ಬಿಡಬೇಕು. ಪ್ಲೇಟನ್ನು ಮುಕ್ಕಾಲು ಭಾಗ ನೀರಿನಲ್ಲಿ ಮಲಗಿಸಿ ವೆಲ್ಡ್ ಮಾಡುವವರೂ ಇದ್ದಾರೆ. ಅಷ್ಟು ತಾಳ್ಮೆಯಿಂದ ಮಾಡುವ ವೆಲ್ಡರ್ ಸಿಕ್ಕರೆ, ಹೊಸ ಪ್ಲೇಟ್ ಬರುವ ತನಕ ದಿನ ತಳ್ಳಬಹುದು. ಅಷ್ಟೇ.

ಯಾವುದೇ ಪ್ಲೇಟ್ ಹಾಕಿ, ಹಿಂದೆ ಒಂದು ಕಲ್ಲಿನ ಚೂರೂ ಉಳಿಯಬಾರದು. ಮೊದಲ ಪಾಳಿ ಮುಗಿದ ಮೇಲೆ ಪ್ಲೇಟನ್ನು ಹಿಡಿದಿಡುವ ವೆಡ್ಜ್ (ಬೆಣೆ), ಬೋಲ್ಟ್ ಮತ್ತೆ ಬಿಗಿ ಮಾಡಿ. ಮ್ಯಾಂಗನೀಸ್ ಪೆಟ್ಟಿಗೆ ಹರಡುತ್ತದೆ, ಅಂಚು ಹೊರಗೆ ಉಬ್ಬಿದರೆ ಗ್ರೈಂಡರ್‌ನಿಂದ ತೆಗೆಯಿರಿ. ಕೆಳಗಿನ ಭಾಗವೇ ಮೊದಲು ಸವೆಯುವುದು. ಹಲ್ಲು ಪೂರ್ತಿ ಮಟ್ಟಸವಾಗುವ ಮೊದಲೇ ಪ್ಲೇಟನ್ನು ತಲೆಕೆಳಗು ಮಾಡಿ ಹಾಕಿ. ತಡ ಮಾಡಿದರೆ ಚಪ್ಪಟೆ ಖಡಿ ಜಾಸ್ತಿ ಬರುತ್ತದೆ, ಕಾಂಟ್ರಾಕ್ಟರ್ ಲೋಡ್ ವಾಪಸ್ ಕಳಿಸುತ್ತಾರೆ.