ಟೀಚರ್ ಹುಡುಕಿಕೊಡುವ ಏಜೆನ್ಸಿ: ನಮ್ಮ ಶಾಲೆಯ ಅನುಭವ (5ಕ್ಕೆ 3 ಸ್ಟಾರ್)

ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮದು ಚಿಕ್ಕ ಅನುದಾನರಹಿತ ಶಾಲೆ. ನಾನು ಅಲ್ಲಿ ಹೆಡ್‌ಮಿಸ್. ಗಣಿತ, ವಿಜ್ಞಾನಕ್ಕೆ ಜನ ಸಿಗದೆ ಹೋದ ವರ್ಷ ಬೆಂಗಳೂರಿನ ಒಂದು ಏಜೆನ್ಸಿಗೆ ಹೇಳಿದೆವು. ದೂರೂ ಇರುವುದರಿಂದ ಹೆಸರು ಬರೆಯುತ್ತಿಲ್ಲ.

ಫೀಸು, ಸೇರಿದ ಟೀಚರ್‌ನ ಒಂದು ತಿಂಗಳ ಸಂಬಳ. ಮೂರು ತಿಂಗಳೊಳಗೆ ಅವರು ಬಿಟ್ಟರೆ ಇನ್ನೊಬ್ಬರನ್ನು ಪುಕ್ಕಟೆ ಹುಡುಕಿಕೊಡುತ್ತಾರೆ.

ಕೆಲಸ ಚುರುಕು. ಬಿ.ಇಡಿ ಮಾರ್ಕ್ಸ್ ಕಾರ್ಡು, 6ರಿಂದ 8ನೇ ಕ್ಲಾಸಿಗೆ ಬೇಕಾದ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ, ಎಲ್ಲ ನೋಡಿಯೇ ಕಳಿಸಿದರು. ಫೋನಿನಲ್ಲಿ ಅಲ್ಲಿನ ಮೇಡಂ ಕೇಳಿದ ಮೊದಲ ಪ್ರಶ್ನೆಯೇ, "ಏಪ್ರಿಲ್, ಮೇ ಸಂಬಳ ಕೊಡ್ತೀರಾ ಮೇಡಂ?" ನಮ್ಮ ಕಡೆ ಎಷ್ಟೋ ಖಾಸಗಿ ಶಾಲೆಗಳಲ್ಲಿ ಹತ್ತೇ ತಿಂಗಳ ಸಂಬಳ. ನಾವು ಹನ್ನೆರಡು ತಿಂಗಳೂ ಕೊಡುತ್ತೇವೆ, ಪಿಎಫ್ ಇದೆ ಅಂದೆ. ಜಾಹೀರಾತಿನ ಮೊದಲ ಸಾಲಿಗೆ ಅದನ್ನೇ ಹಾಕಿಸಿದರು. ಅರ್ಜಿ ಬಂದಿದ್ದು ಆಮೇಲೆ.

ವಿಜ್ಞಾನಕ್ಕೆ ಬಂದ ಹುಡುಗಿ ಡೆಮೋ ಕ್ಲಾಸಿಗೆ ಘರ್ಷಣೆ ಪಾಠ ತೆಗೆದುಕೊಂಡಳು. ಮಕ್ಕಳಿಂದ ಅಂಗೈ ಉಜ್ಜಿಸಿದಳು. ಆಮೇಲೆ ಒಂದೊಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಮತ್ತೆ ಉಜ್ಜಿಸಿದಳು. ಹಿಂದಿನ ಬೆಂಚಿನವರೂ ಎದ್ದು ಬಂದು ಕೈ ಒಡ್ಡಿದರು. ಅವತ್ತೇ ಆರ್ಡರ್ ಕೊಟ್ಟೆವು. ಈಗಲೂ ನಮ್ಮಲ್ಲೇ ಇದ್ದಾಳೆ.

ಗಣಿತದ ಮೇಷ್ಟ್ರು ಮಾತ್ರ ದಸರಾ ರಜೆಗೆ ಹೋದವರು ವಾಪಸ್ ಬರಲೇ ಇಲ್ಲ. ಪಾಠ ಚೆನ್ನಾಗಿತ್ತು. ಆದರೆ ಬೆಂಗಳೂರಿನಲ್ಲೇ ಬೆಳೆದವರು. ಇಲ್ಲಿ ಬಾಡಿಗೆ ರೂಮು ಸಿಗುವುದು ಕಷ್ಟ, ಸಂಜೆ ಆರೂವರೆ ಆದ ಮೇಲೆ ಬಸ್ಸಿಲ್ಲ ಅಂತ ಏಜೆನ್ಸಿಗೆ ಮೊದಲೇ ಹೇಳಿದ್ದೆ. ಮೇಷ್ಟ್ರಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ತ್ರಿಕೋನಮಿತಿ ಅರ್ಧಕ್ಕೇ ನಿಂತಿತು. ಏಜೆನ್ಸಿಗೆ ಫೋನ್ ಮಾಡಿದರೆ, "ಗ್ಯಾರಂಟಿ ಆಗಸ್ಟಿಗೇ ಮುಗೀತಲ್ಲ ಮೇಡಂ" ಅಂದರು. ಮತ್ತೆ ಪೂರ್ತಿ ಫೀಸು ಕೇಳಿದರು. ಶಾಲೆಗೆ ವರ್ಷ ಅಂದರೆ ಜೂನ್‌ನಿಂದ ಮಾರ್ಚ್. ಜೂನ್‌ನಲ್ಲಿ ಸೇರಿಸಿ ಆಗಸ್ಟಿಗೆ ಕೈ ತೊಳೆದುಕೊಂಡರೆ ಆ ಗ್ಯಾರಂಟಿ ಯಾರಿಗೆ ಬೇಕು?

ಸರ್ಕಾರಿ ಕೆಲಸ ಸಿಕ್ಕಿ ಹೋಗುವವರ ವಿಷಯ ಬೇರೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆದಾಗ ನಮ್ಮ ಟೀಚರ್‌ಗಳೂ ಬರೆದಿದ್ದರು. ಆ ಸಂಬಳ, ಭದ್ರತೆ ನಮ್ಮಿಂದ ಕೊಡಲಾಗದು. ಅಂಥವರನ್ನು ಹಿಡಿದಿಡುವುದು ತಪ್ಪು. ಅದನ್ನು ಏಜೆನ್ಸಿ ತಲೆಗೆ ಕಟ್ಟುವುದೂ ಸರಿಯಲ್ಲ. ರೂಮು, ಬಸ್ಸಿನ ಮಾತು ಹಾಗಲ್ಲ, ಒಂದು ಫೋನಿನಲ್ಲಿ ಮುಗಿಯುತ್ತಿತ್ತು.

ಹಳ್ಳಿ ಕಡೆ ಶಾಲೆ ನಡೆಸುವವರು ಇಂಥ ಏಜೆನ್ಸಿಗೆ ಹೋದರೆ, ಸಹಿ ಹಾಕುವ ಮೊದಲು ಗ್ಯಾರಂಟಿಯನ್ನು ಮಾರ್ಚ್‌ವರೆಗೆ ಬರೆಸಿಕೊಳ್ಳಿ. ಬರುವವರ ಜೊತೆ ನೀವೇ ಒಮ್ಮೆ ಮಾತಾಡಿ, ಊರು, ರೂಮು, ಬಸ್ಸು ಎಲ್ಲ ಬಿಡಿಸಿ ಹೇಳಿ. ನಾವು ಈ ಸಲ ಹಟ ಹಿಡಿದಿದ್ದಕ್ಕೆ ಡಿಸೆಂಬರ್‌ವರೆಗೆ ಒಪ್ಪಿದ್ದಾರೆ.