ಹಸಿ ಆರದ ಚಂಚಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಡಿ

ನವರಾತ್ರಿ ಹತ್ತಿರ ಬರುತ್ತಿದ್ದಂತೆ ನಮ್ಮ ಬಾಗಲಕೋಟೆ ಜಿಲ್ಲೆಯ ಅನೇಕ ಹೆಣ್ಣುಮಕ್ಕಳು ಖಣದ (ಕುಬಸ, ಅಂದರೆ ರವಿಕೆ ಹೊಲಿಸುವ) ಬಟ್ಟೆಯ ಚಂಚಿ ಎಂಬ ಸಣ್ಣ ಚೀಲ, ರಟ್ಟಿನ ಸಣ್ಣ ಪೆಟ್ಟಿಗೆ, ಕಾಗದದ ಹೂವು ಮೊದಲಾದ ಉಡುಗೊರೆಗಳನ್ನು ಮನೆಯಲ್ಲಿಯೇ ತಯಾರಿಸಿ ಮಾರುವ ಕೆಲಸದಲ್ಲಿ ತೊಡಗಿರುತ್ತಾರೆ. ಕಳೆದ ವರ್ಷ ಇದೇ ದಿನಗಳಲ್ಲಿ ನಾನು ಮಾಡಿ ಕಳಿಸಿದ 220 ಉಡುಗೊರೆಗಳು ಕೆಟ್ಟುಹೋದವು. ಅವುಗಳಲ್ಲಿ ಒಂದೂ ಯಾರ ಉಡಿಗೂ ಸೇರಲಿಲ್ಲ. ಹಾಗಾಗಲು ಕಾರಣವಾದದ್ದು ತೇವ. ಬಟ್ಟೆಯಲ್ಲಿ, ಅಂಟಿನಲ್ಲಿ, ಗಾಳಿಯಲ್ಲಿ ಇದ್ದ ತೇವವನ್ನು ನಾನೇ ನನ್ನ ಕೈಯಿಂದ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕಳಿಸಿದ್ದೆ. ಇದೇ ಕೆಲಸ ಮಾಡುತ್ತಿರುವವರಿಗೆ ಇದು ತಿಳಿದಿರಬೇಕೆಂದು ನಡೆದದ್ದನ್ನೆಲ್ಲ ಬಿಚ್ಚಿ ಬರೆಯುತ್ತಿದ್ದೇನೆ.

ಬೆಳಗಾವಿಯ ಒಂದು ಮನೆಯವರು ತಮ್ಮ ಮಗಳ ಕುಬಸದ ಕಾರ್ಯಕ್ರಮಕ್ಕೆ ಬರುವ ಮುತ್ತೈದೆಯರಿಗೆ ಕೊಡಲು ಉಡುಗೊರೆ ಬೇಕೆಂದು ಕೇಳಿದ್ದರು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ ಕೊಟ್ಟು ಉಡಿ ತುಂಬುವ ದಿನವಾದ್ದರಿಂದ ಖಣದ ಬಟ್ಟೆಯಲ್ಲಿಯೇ ಚಂಚಿ ಹೊಲಿದರೆ ಸಂದರ್ಭಕ್ಕೆ ಒಪ್ಪುತ್ತದೆಯೆಂದು ನಾನೇ ಸೂಚಿಸಿದೆ. ಐದು ಇಂಚು ಅಗಲ, ಏಳು ಇಂಚು ಎತ್ತರದ ಲಾಡಿ ಕಟ್ಟುವ ಚಂಚಿ. ಅದರೊಳಗೆ ಎರಡು ಉತ್ತತ್ತಿ, ಒಂದು ಅರಿಶಿನದ ಕೊನೆ, ಎರಡು ಅಡಿಕೆ, ಒಂದು ಹಿಡಿ ಕಲ್ಲುಸಕ್ಕರೆ. ಅದನ್ನು ಇಡಲು ಬಿಳಿಯ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ತಾಯಿಯಾಗಲಿರುವವಳ ಹೆಸರಿನ ಚೀಟಿ. ಒಂದಕ್ಕೆ 95 ರೂಪಾಯಿಯಂತೆ ಒಟ್ಟು 20,900 ರೂಪಾಯಿ ಎಂದು ಮಾತಾಯಿತು, 8,000 ರೂಪಾಯಿ ಮುಂಗಡ ಬಂತು. ಕೈಯಲ್ಲಿದ್ದ ದಿನಗಳು ಹನ್ನೆರಡು.

ಮೊದಲ ತಪ್ಪು ನಡೆದದ್ದು ಬಟ್ಟೆ ಕೊಳ್ಳುವಾಗ. ಗುಳೇದಗುಡ್ಡದ ಕೈಮಗ್ಗದ ಖಣದಲ್ಲಿ ಸಾಂಪ್ರದಾಯಿಕವಾಗಿ ಹಾಸು (ಉದ್ದದ ಎಳೆ) ರೇಷ್ಮೆಯದು, ಹೊಕ್ಕು (ಅಡ್ಡದ ಎಳೆ) ಹತ್ತಿಯದು. ಅದರ ಮೈಯಲ್ಲಿ ತೇರು, ತುಳಸಿಪಾನದಂತಹ ಸಣ್ಣ ಚಿತ್ತಾರಗಳು ನೇಯ್ಗೆಯಲ್ಲಿಯೇ ಮೂಡಿರುತ್ತವೆ. ಅದೇ ಚಿತ್ತಾರವನ್ನು ಅನುಕರಿಸಿ ಪವರ್‌ಲೂಮಿನಲ್ಲಿ ನೇಯ್ದ ಬಟ್ಟೆಯೂ ಖಣವೆಂಬ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ನನಗೆ 16 ಮೀಟರ್ ಬೇಕಾಗಿತ್ತು. ಮೀಟರಿಗೆ 110 ರೂಪಾಯಿಯ ಬಟ್ಟೆಯನ್ನು ಅಂಗಡಿಯವರು ಮುಂದೆ ಹರವಿ, "ಅಕ್ಕಾರ, ಪಕ್ಕಾ ಖಣ ಐತ್ರಿ, ಬಣ್ಣ ಬಿಡಂಗಿಲ್ಲ" ಎಂದರು. ಆ ಮಾತನ್ನು ನಂಬಿ, ಒಂದು ತುಣುಕನ್ನೂ ನೆನೆಸಿ ನೋಡದೆ, ಕಡುಗೆಂಪು ಬಣ್ಣದ ಇಡೀ ತಾನಿನಿಂದ 16 ಮೀಟರ್ ಹರಿಸಿಕೊಂಡು ಬಂದೆ. ಅಂಗಡಿಯವರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ, ಅವರೂ ಯಾರದೋ ಮಾತು ನಂಬಿರಬಹುದು. ಆದರೆ ಎರಡು ನಿಮಿಷದಲ್ಲಿ ಮಾಡಬಹುದಾಗಿದ್ದ ಪರೀಕ್ಷೆಯನ್ನು ನಾನು ಮಾಡಲಿಲ್ಲ.

ಆ ಪರೀಕ್ಷೆ ಇಷ್ಟೇ. ಬಿಳಿಯ ಹತ್ತಿಬಟ್ಟೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ, ಖಣದ ಒಳಬದಿಗೆ ಇಪ್ಪತ್ತು ಸಲ ಒತ್ತಿ ಉಜ್ಜಬೇಕು. ಆಮೇಲೆ ಅದೇ ಹಸಿ ತುಂಡನ್ನು ಖಣದ ಮೇಲಿಟ್ಟು ಬಿಸಿ ಇಸ್ತ್ರಿಯನ್ನು ಒತ್ತಿ ಹಿಡಿಯಬೇಕು. ಬಿಳಿ ಬಟ್ಟೆಗೆ ನಸುಗೆಂಪು ತಗುಲಿದರೂ ಆ ಖಣ ಬಿಳಿ ರಟ್ಟಿನ ಜೊತೆ ಇಡಲು ತಕ್ಕದ್ದಲ್ಲ. ನೂಲು ಯಾವುದೆಂದು ತಿಳಿಯಬೇಕಾದರೆ ಹಾಸಿನ ಒಂದೆಳೆ, ಹೊಕ್ಕಿನ ಒಂದೆಳೆ ಬೇರೆ ಬೇರೆ ಕಿತ್ತು ಸುಟ್ಟು ನೋಡಿ. ಹತ್ತಿ ಉರಿದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿಯುತ್ತದೆ. ರೇಷ್ಮೆಯಿಂದ ಕೂದಲು ಸುಟ್ಟ ವಾಸನೆ ಬರುತ್ತದೆ, ಅದರ ಕರಿ ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಎಲ್ಲ ಮುಗಿದ ಮೇಲೆ ನಾನು ಸುಟ್ಟು ನೋಡಿದಾಗ ಹಾಸಿನ ಎಳೆ ಮಣಿ ಕಟ್ಟಿತು, ಹೊಕ್ಕಿನ ಎಳೆ ಮಾತ್ರ ಹತ್ತಿಯದಾಗಿತ್ತು. ಬಣ್ಣ ಬಿಟ್ಟದ್ದು ಆ ಹತ್ತಿಯ ಎಳೆ. ಹಾಗೆಂದು ಅಸಲಿ ಖಣ ಬಣ್ಣ ಬಿಡುವುದೇ ಇಲ್ಲವೆಂದು ತಿಳಿಯಬಾರದು. ನಮ್ಮ ಪರಿಚಯದ ನೇಕಾರ ಕಾಕಾ ಒಬ್ಬರು ಹೇಳಿದಂತೆ, ನೂಲಿಗೆ ಬಣ್ಣ ಕುಡಿಸಿದ ಮೇಲೆ ತೊಳೆದ ನೀರು ತಿಳಿಯಾಗುವವರೆಗೆ ಜಾಲಿಸದಿದ್ದರೆ ಯಾವ ಮಗ್ಗದಲ್ಲಿ ನೇಯ್ದರೂ ಹೆಚ್ಚಿನ ಬಣ್ಣ ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ.

ಎರಡನೆಯ ತಪ್ಪು ಇಸ್ತ್ರಿಯದು. ಹೊಲಿದ ಚಂಚಿಗಳು ಸುಕ್ಕಾಗಿದ್ದವು, ಲಾಡಿಯ ಮಡಿಕೆ ಕೂರುತ್ತಿರಲಿಲ್ಲ. ಹೀಗಾಗಿ ಪ್ರತಿಯೊಂದಕ್ಕೂ ನೀರು ಚಿಮುಕಿಸಿ ಇಸ್ತ್ರಿ ಮಾಡಿದೆ. ಹೊರಮೈ ಬಿಸಿಯಾಗಿ ಒಣಗಿದಂತೆ ಕಾಣುತ್ತಿತ್ತು. ಆದರೆ ಚಂಚಿಯ ಒಳಗೆ ಹತ್ತಿಯ ಅಸ್ತರವಿತ್ತು, ಬಾಯಿಯ ಬಳಿ ಬಟ್ಟೆ ನಾಲ್ಕು ಪದರಾಗಿತ್ತು, ಲಾಡಿ ದಪ್ಪನೆಯ ಹತ್ತಿಯ ದಾರದ್ದಾಗಿತ್ತು. ಈ ಮೂರೂ ಕಡೆ ಹಸಿ ಹಾಗೆಯೇ ಉಳಿದಿತ್ತು. ಬಿಸಿ ಬಟ್ಟೆಯನ್ನು ಮುಟ್ಟಿದಾಗ ಹಸಿ ಇದ್ದರೂ ಕೈಗೆ ತಿಳಿಯುವುದಿಲ್ಲ. ಹತ್ತು ನಿಮಿಷ ತಣ್ಣಗಾಗಲು ಬಿಟ್ಟು ಕೆನ್ನೆಗೆ ಒತ್ತಿ ನೋಡಿದರೆ ತಂಪು ತಿಳಿಯುತ್ತದೆ. ಈಗ ನಾನು ಇಸ್ತ್ರಿಯಾದ ಚಂಚಿಗಳನ್ನು ಬಾಯಿ ತೆರೆದು ದಾರದ ಮೇಲೆ ನೇತುಹಾಕಿ, ಒಂದು ರಾತ್ರಿ ಫ್ಯಾನಿನ ಗಾಳಿಗೆ ಬಿಟ್ಟ ನಂತರವೇ ಅವುಗಳೊಳಗೆ ಏನನ್ನಾದರೂ ಇಡುತ್ತೇನೆ.

ಇನ್ನು ಪೆಟ್ಟಿಗೆಯ ವಿಷಯ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಬಿಳಿ ರಟ್ಟನ್ನು ತಂದು, ಅಳತೆ ಹಾಕಿ ಕತ್ತರಿಸಿ, ಬಡಗಿಗಳು ಬಳಸುವಂತಹ ಬಿಳಿ ಅಂಟಿನಿಂದ ಮೂಲೆಗಳನ್ನು ಜೋಡಿಸಿದೆ. ಈ ಅಂಟು ನೀರಿನಲ್ಲಿ ಕಲೆಸಿದ್ದು; ಆ ನೀರು ಕಾಗದದೊಳಗೆ ಇಳಿದು ಗಾಳಿಗೆ ಹೋದಾಗಲೇ ಅಂಟು ಗಟ್ಟಿಯಾಗುತ್ತದೆ. ಅರ್ಧ ಗಂಟೆಯಲ್ಲಿ ಮೂಲೆ ಹಿಡಿದು ನಿಲ್ಲುವುದರಿಂದ ಒಣಗಿತೆಂದು ಅನಿಸುತ್ತದೆ, ಆದರೆ ಪೂರ್ತಿ ಒಣಗಲು ಒಂದು ಹಗಲು ಒಂದು ರಾತ್ರಿ ಬೇಕು, ಮೋಡದ ದಿನಗಳಲ್ಲಿ ಇನ್ನೂ ಹೆಚ್ಚು. ನಾನು ತಳಕ್ಕೆ ಅಂದವಾಗಿರಲೆಂದು ಬಣ್ಣದ ಕೈಕಾಗದವನ್ನು ಇಡೀ ಹರವಿಗೆ ಅಂಟು ಸವರಿ ಮೆತ್ತಿದ್ದೆ. ಅಷ್ಟು ಅಂಟಿನ ನೀರೆಲ್ಲ ಎರಡು ಕಾಗದಗಳ ನಡುವೆ ಸಿಕ್ಕಿಕೊಂಡಿತು.

ಕಾಗದಕ್ಕೂ ಮರದಂತೆ ಎಳೆಯ ದಿಕ್ಕು ಇರುತ್ತದೆ ಎಂಬುದನ್ನು ಆಗ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಯಂತ್ರದಲ್ಲಿ ಮಾಡಿದ ರಟ್ಟಿನ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ನೀರು ಹೀರಿದಾಗ ಅವು ಉದ್ದಕ್ಕೆ ಅಷ್ಟಾಗಿ ಬೆಳೆಯದೆ ಅಡ್ಡಕ್ಕೆ ಹಿಗ್ಗುತ್ತವೆ. ಆದ್ದರಿಂದಲೇ ಅಂಟು ಸವರಿದ ರಟ್ಟು ಒಂದು ಬದಿಗೆ ಬಾಗುತ್ತದೆ. ರಟ್ಟನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೋಡಿದರೆ ಸುಲಭವಾಗಿ ಬಗ್ಗುವ ದಿಕ್ಕಿನಲ್ಲಿ ಮೂಡುವ ಮಡಿಕೆಯೇ ಎಳೆಯ ದಿಕ್ಕು; ಪೆಟ್ಟಿಗೆಯ ಉದ್ದನೆಯ ಮಡಿಕೆಗಳು ಅದಕ್ಕೆ ಹೊಂದಿಕೊಂಡಿದ್ದರೆ ಅಂಚು ಸೀಳುವುದಿಲ್ಲ. ನನ್ನ ಪೆಟ್ಟಿಗೆಗಳಲ್ಲಿ ಅರ್ಧದಷ್ಟು ಅಡ್ಡ ಎಳೆಗೆ ಮಡಿಸಿದವಾಗಿದ್ದವು. ಮುಚ್ಚಳ ಮೇಲೆದ್ದು ನಿಂತಿದ್ದವು. ಅವನ್ನು ಒತ್ತಿ ಕೂರಿಸಲೆಂದೇ ಪ್ರತಿಯೊಂದನ್ನೂ ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ತುರುಕಿ ಬಾಯಿ ಅಂಟಿಸಿದೆ. ಒಂದು ತಪ್ಪನ್ನು ಮುಚ್ಚಲು ಮಾಡಿದ ಈ ಕೆಲಸವೇ ಎಲ್ಲಕ್ಕಿಂತ ದೊಡ್ಡ ತಪ್ಪಾಯಿತು.

ಹೆಸರಿನ ಚೀಟಿಗಳನ್ನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸಿದ್ದೆ. ಅದರ ಶಾಯಿ ನೀರು ಸೋಕಿದರೆ ಹರಡುವಂಥದ್ದು; ಲೇಸರ್ ಮುದ್ರಣವಾದರೆ ಹರಡುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದರೆ ಸಾಕಾಗುತ್ತಿತ್ತು.

ಬಾಗಲಕೋಟೆ ಒಣಹವೆಯ ಊರು ಎಂಬ ಧೈರ್ಯವೂ ನನ್ನನ್ನು ಕೆಡಿಸಿತು. ಆದರೆ ನಮ್ಮಲ್ಲಿ ಒಳ್ಳೆಯ ಮಳೆ ಸುರಿಯುವುದೇ ಸೆಪ್ಟೆಂಬರ್ ಆಸುಪಾಸಿನಲ್ಲಿ, ಉಡುಗೊರೆಗಳ ಬೇಡಿಕೆಯೂ ಆಗಲೇ ಬರುತ್ತದೆ. ನವನಗರದ ನಮ್ಮ ಮನೆಯಲ್ಲಿ ಆ ವಾರ ಒಗೆದ ಬಟ್ಟೆ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಕಲ್ಲುಸಕ್ಕರೆ ಡಬ್ಬಿಯಲ್ಲಿಯೇ ಜಿಗುಟಾಗಿತ್ತು. ಅದನ್ನು ಕಂಡೂ ನಾನು ಎಚ್ಚೆತ್ತುಕೊಳ್ಳಲಿಲ್ಲ. ಭಾನುವಾರ ರಾತ್ರಿ ಎರಡು ಗಂಟೆಯವರೆಗೆ ಅತ್ತೆ ಮತ್ತು ನಾನು ಕುಳಿತು 220 ಪೆಟ್ಟಿಗೆಗಳನ್ನೂ ತುಂಬಿ ಮುಗಿಸಿದೆವು, ಕೊನೆಯ ಅರವತ್ತು ಪೆಟ್ಟಿಗೆಗಳ ಅಂಟು ಸವರಿ ಮೂರು ತಾಸೂ ಆಗಿರಲಿಲ್ಲ. ಸೋಮವಾರ ಬೆಳಿಗ್ಗೆ ಮಳೆಗೆ ನೆನೆಯದಿರಲೆಂದು ದೊಡ್ಡ ರಟ್ಟಿನ ಡಬ್ಬಗಳಿಗೆ ಮತ್ತೆ ದಪ್ಪ ಪ್ಲಾಸ್ಟಿಕ್ ಸುತ್ತಿ ಬಸ್ಸಿನಲ್ಲಿ ಬೆಳಗಾವಿಗೆ ಕಳಿಸಿದೆ. ಹೊರಗಿನ ಮಳೆ ಒಳಗೆ ಬಾರದಂತೆ ನೋಡಿಕೊಂಡೆನಾದರೂ ಒಳಗಿನ ನೀರು ಹೊರಗೆ ಹೋಗಲು ದಾರಿಯನ್ನೇ ಬಿಟ್ಟಿರಲಿಲ್ಲ.

ಶುಕ್ರವಾರ ಸಂಜೆ, ಕಾರ್ಯಕ್ರಮದ ಹಿಂದಿನ ದಿನ, ಬಸುರಿಯ ತಾಯಿ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ತಂಗಿ, ಉತ್ತತ್ತಿಗೆ ಬೂಸ್ಟು ಹಿಡದೈತಿ, ಡಬ್ಬಿಗೆಲ್ಲಾ ಕೆಂಪ ಹತ್ತೈತಿ. ಇದನ್ನ ಬಸರಿ ಮುಂದ ಹೆಂಗ ಇಡೋದು?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕಳಿಸಿದ ಚಿತ್ರಗಳಲ್ಲಿ ಬಿಳಿ ಪೆಟ್ಟಿಗೆಗಳ ತಳದಲ್ಲಿ ಚಂಚಿಯ ಆಕಾರದಲ್ಲಿಯೇ ಕೆಂಪು ಕಲೆ ಮೂಡಿತ್ತು, ಮಗಳ ಹೆಸರಿನ ಅಕ್ಷರಗಳು ಕಲಸಿಹೋಗಿದ್ದವು, ಕಲ್ಲುಸಕ್ಕರೆ ಕರಗಿ ಅಸ್ತರಕ್ಕೆ ಅಂಟಿಕೊಂಡಿತ್ತು. ಶುಭಕಾರ್ಯಕ್ಕೆ ಕಳಿಸಿದ ಉಡಿಯ ಸಾಮಾನು ಬೂಸ್ಟು ಹಿಡಿದು ತಲುಪಿತೆಂಬ ನೋವು ಈಗಲೂ ನನ್ನನ್ನು ಬಿಟ್ಟಿಲ್ಲ. ಮರುದಿನ ಅವರು ಅಂಗಡಿಯಿಂದ ಉತ್ತತ್ತಿ, ಅಡಿಕೆ ತರಿಸಿ ಮುತ್ತೈದೆಯರ ಉಡಿಗೆ ಕೈಯಿಂದಲೇ ಹಾಕಿದರಂತೆ. ನಾನು ಮುಂಗಡದ 8,000 ರೂಪಾಯಿಯನ್ನು ಅದೇ ರಾತ್ರಿ ಹಿಂತಿರುಗಿಸಿದೆ. ಬಟ್ಟೆ, ರಟ್ಟು, ಸಾಮಾನು, ಸಾಗಣೆ ಸೇರಿ ನನಗಾದ ನಷ್ಟ ಬೇರೆ. ಎರಡು ಸಲ ನನ್ನಿಂದಲೇ ಚಂಚಿ ಕೊಂಡಿದ್ದ ಅವರ ಸಂಬಂಧಿಕರೊಬ್ಬರು ಆಮೇಲೆ ನನ್ನನ್ನು ಕೇಳಲಿಲ್ಲ.

ಉಳಿದ ಬಟ್ಟೆಯನ್ನಾದರೂ ಉಳಿಸಿಕೊಳ್ಳಲು ಹಲವರು ಹೇಳಿದಂತೆ ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ನಾಲ್ಕನೆಯ ಸಲ ತೊಳೆದಾಗಲೂ ನೀರು ಕೆಂಪಾಗಿಯೇ ಇತ್ತು. ಬಣ್ಣ ಹಾಕುವ ಹೊತ್ತಿನಲ್ಲಿ ನೂಲು ಬಣ್ಣವನ್ನು ಹೀರಿಕೊಳ್ಳಲು ಉಪ್ಪು ನೆರವಾಗುತ್ತದೆ. ನೇಯ್ದು ಮುಗಿದ ಬಟ್ಟೆಯಲ್ಲಿ ಸಡಿಲವಾಗಿ ಕೂತ ಬಣ್ಣವನ್ನು ಅದು ಕಟ್ಟಿಹಾಕಲಾರದು. ಈ ನಂಬಿಕೆಯ ಮೇಲೆ ಯಾರೂ ದುಡ್ಡು ಹೂಡಬೇಡಿ. ಅಂಟಿನ ಬದಲು ಮೈದಾ ಕುದಿಸಿದ ಸರಿ ಬಳಸಿದರೆ ಒಳ್ಳೆಯದೆಂದು ಹೇಳುವವರೂ ಇದ್ದಾರೆ. ಅದರಲ್ಲಿಯೂ ನೀರೇ ಹೆಚ್ಚು, ಜೊತೆಗೆ ಬೂಸ್ಟಿಗೂ ಜಿರಳೆಗೂ ಅದು ಆಹಾರ. ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತು ಬೆರೆಸುವುದುಂಟು. ಅದು ವಿಷ, ತಿನ್ನುವ ವಸ್ತು ಇಡುವ ಪೆಟ್ಟಿಗೆಯ ಬಳಿಗೂ ಸುಳಿಯಬಾರದು.

ಈಗ ನಾನು ಮೂಲೆಗಳಿಗೆ ಎರಡು ಬದಿ ಅಂಟುವ ಟೇಪನ್ನೇ ಬಳಸುತ್ತೇನೆ. ತಳಕ್ಕೆ ಬಣ್ಣದ ಕಾಗದವನ್ನು ಮೆತ್ತದೆ ಸುಮ್ಮನೆ ಕತ್ತರಿಸಿ ಹಾಸುತ್ತೇನೆ. ಚಂಚಿ ಮತ್ತು ಪೆಟ್ಟಿಗೆಯ ನಡುವೆ ಬೆಣ್ಣೆಕಾಗದ ಇಡುತ್ತೇನೆ. ಉತ್ತತ್ತಿ, ಕಲ್ಲುಸಕ್ಕರೆಗಳನ್ನು ಪ್ರತ್ಯೇಕ ಪೊಟ್ಟಣದಲ್ಲಿ ಮುಚ್ಚಿಯೇ ಚಂಚಿಯೊಳಗೆ ಹಾಕುತ್ತೇನೆ. ಪ್ಲಾಸ್ಟಿಕ್ ಕವರನ್ನು ಪೂರ್ತಿ ಬಿಟ್ಟಿದ್ದೇನೆ, ಮುಚ್ಚಳಕ್ಕೆ ದಾರ ಕಟ್ಟಿದರೆ ಸಾಕು. ಎಲ್ಲಕ್ಕಿಂತ ಮೊದಲು ಒಂದೇ ಒಂದು ಉಡುಗೊರೆಯನ್ನು ಸಂಪೂರ್ಣವಾಗಿ ತಯಾರಿಸಿ, ಅದನ್ನು ಬೇಕೆಂದೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೇಲೆ ಭಾರ ಹೇರಿ ಐದು ದಿನ ಅಡುಗೆಮನೆಯಲ್ಲಿ ಇಡುತ್ತೇನೆ. ಅದನ್ನು ಬಿಚ್ಚಿ ನೋಡಿದ ನಂತರವೇ ಉಳಿದವುಗಳಿಗೆ ಕತ್ತರಿ ಹಾಕುತ್ತೇನೆ. ಇದಕ್ಕೆ ಸಮಯವಿಲ್ಲದಷ್ಟು ಅವಸರದ ಕೆಲಸ ಬಂದರೆ ಒಪ್ಪಿಕೊಳ್ಳುವುದಿಲ್ಲ.

ಈ ವಾರ ಈಗಾಗಲೇ ಕಟ್ಟಿ ಮುಗಿಸಿರುವವರು ದಯವಿಟ್ಟು ಬೇರೆ ಬೇರೆ ದಿನ ಅಂಟಿಸಿದ ನಾಲ್ಕೈದು ಪೆಟ್ಟಿಗೆಗಳನ್ನು ಇಂದೇ ಬಿಚ್ಚಿ ನೋಡಿ. ಕವರಿನ ಒಳಮೈಯಲ್ಲಿ ಮಂಜು ಹಿಡಿದಂತಿದ್ದರೆ, ತೆರೆದ ತಕ್ಷಣ ಮುಗ್ಗಲು ವಾಸನೆ ಬಂದರೆ, ಎಲ್ಲವನ್ನೂ ಬಿಚ್ಚಿ ಚಂಚಿ, ಪೆಟ್ಟಿಗೆ, ಚೀಟಿಗಳನ್ನು ಬೇರೆ ಬೇರೆಯಾಗಿ ಹರವಿ ಫ್ಯಾನ್ ಹಾಕಿ. ಕೆಂಪು ಬಟ್ಟೆಯನ್ನು ಬಿಸಿಲಿಗೆ ಹಾಕಬೇಡಿ, ಬಣ್ಣ ಮಾಸುತ್ತದೆ. ತಿನ್ನುವ ಸಾಮಾನಿಗೆ ಬೂಸ್ಟು ಕಂಡರೆ ಒರೆಸಿ ಮತ್ತೆ ಇಡದೆ ಎಸೆದುಬಿಡಿ. ಪಾರ್ಸಲ್ ಈಗಾಗಲೇ ಹೋಗಿದ್ದರೆ ಕೊಂಡವರಿಗೆ ಫೋನ್ ಮಾಡಿ, ಕಾರ್ಯಕ್ರಮದ ದಿನದವರೆಗೆ ಕಾಯದೆ ತಲುಪಿದ ಕೂಡಲೇ ಡಬ್ಬ ತೆರೆದು ಗಾಳಿಗೆ ಇಡಲು ಹೇಳಿ. ಬೆಳಗಾವಿಯ ಆ ತಾಯಿಗೆ ಮಂಗಳವಾರವೇ ನಾನು ಅಂತಹ ಒಂದು ಫೋನ್ ಮಾಡಿದ್ದರೆ ಬೇರೆ ಉಡುಗೊರೆ ಸಿದ್ಧಪಡಿಸಲು ಅವರಿಗೆ ಮೂರು ದಿನಗಳಾದರೂ ಸಿಗುತ್ತಿದ್ದವು.